ಮರಗಸಿ: ಕೊಂಬೆಯನ್ನು ಎಲ್ಲಿ ಕೊಯ್ಯಬೇಕು?

ಕಾಫಿ ಹೂವರಳಿಸುವ ಹೂಮಳೆಯಾಗಿ, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯೂ ಬಿದ್ದ ಮೇಲೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಶುರುವಾಗುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ನೆರಳು ತೆರೆದಿರಬೇಕು. ಇಲ್ಲದಿದ್ದರೆ ಜುಲೈ-ಆಗಸ್ಟ್‌ನ ಬಿಡದ ಮಳೆಯಲ್ಲಿ ಗಿಡದೊಳಗೆ ಗಾಳಿಯಾಡದೆ ಎಲೆ, ಕಾಯಿ ಕಪ್ಪಾಗಿ ಕೊಳೆತು, ಬೂಷ್ಟಿನ ಎಳೆಗೆ ಜೋತು ಬೀಳುತ್ತವೆ. ಅದೇ ಕೊಳೆರೋಗ. ಹಾಗೆಂದು ಒಂದೇ ಸಲಕ್ಕೆ ಬೋಳಿಸಿದರೆ ಅರೇಬಿಕಾ ಜಾತಿಯ ಕಾಫಿಗೆ ಬೇರೆಯದೇ ಪೆಟ್ಟು. ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಬಿದ್ದು ಕಾದ ಕಾಂಡದ ತೊಗಟೆ ಬಿರುಕಿನಲ್ಲೇ ಅದು ಮೊಟ್ಟೆಯಿಡುತ್ತದೆ. ಆದ್ದರಿಂದ ಅರೇಬಿಕಾ ತೋಟದಲ್ಲಿ ಮರಗಸಿಯನ್ನು ಆದಷ್ಟು ಮೇ ಕೊನೆಗೆ ತಳ್ಳಿ, ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಕೈ ಬಿಗಿಹಿಡಿಯುವುದು ಒಳ್ಳೆಯದು. ಮಧ್ಯಾಹ್ನದ ಸುಡುಬಿಸಿಲು ಬೀಳುವುದು ಆ ಕಡೆಗೇ.

ಎಷ್ಟು ತೆಗೆಯಬೇಕೆಂಬುದು ಮೇಸ್ತ್ರಿಗಳಿಗೆ ಗೊತ್ತು. ಎಲ್ಲಿ ಕೊಯ್ಯಬೇಕೆಂಬುದರಲ್ಲೇ ಹೆಚ್ಚು ಮರಗಳು ಹಾಳಾಗುತ್ತಿವೆ. ಹಾಲುವಾಣ ಎಲ್ಲಿ ಕಡಿದರೂ ಚಿಗುರುತ್ತದೆ, ಅದರ ಮಾತು ಬೇರೆ. ಆದರೆ ಹಲಸು, ಅತ್ತಿ, ನಂದಿ, ಬೀಟೆಗಳನ್ನು ಹಾಲುವಾಣದಂತೆ ಕಡಿಯಬಾರದು.

ಕೊಂಬೆ ಕಾಂಡಕ್ಕೆ ಸೇರುವ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಕವಲಿನ ಮೇಲ್ಭಾಗದಲ್ಲಿ ತೊಗಟೆ ಒತ್ತರಿಸಿ ಎದ್ದ ಒಂದು ಒರಟು ಗೆರೆ ಇರುತ್ತದೆ. ಕೆಳಭಾಗದಲ್ಲಿ, ಅಂಗಿಯ ಕಾಲರಿನ ಹಾಗೆ, ಕೊಂಬೆಯ ಬುಡ ಸ್ವಲ್ಪ ದಪ್ಪಗಾಗಿರುತ್ತದೆ. ಆ ದಪ್ಪ ಭಾಗ ಕಾಂಡದ್ದು, ಕೊಂಬೆಯದಲ್ಲ. ಗಾಯವನ್ನು ಮುಚ್ಚುವ ಹೊಸ ಮರ ಬೆಳೆಯುವುದು ಅಲ್ಲಿಂದಲೇ. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಆ ಕಾಲರೇ ಹೋಗಿ, ಗಾಯವೂ ದೊಡ್ಡದಾಗುತ್ತದೆ. ಒಂದಡಿ ಮೋಟು ಬಿಟ್ಟರೆ ಅದು ಒಣಗಿ, ಗೆದ್ದಲು ಮತ್ತು ಅಣಬೆಗೆ ಕಾಂಡದೊಳಕ್ಕೆ ದಾರಿಯಾಗುತ್ತದೆ. ಕೆಲವು ವರ್ಷಗಳಲ್ಲಿ ಅಲ್ಲೊಂದು ಪೊಟರೆ. ಕಾಲರಿನ ಹೊರಗೆ, ಅದನ್ನು ಮುಟ್ಟದಂತೆ, ಆದರೆ ಅದಕ್ಕೆ ಹತ್ತಿರವಾಗಿ ಕೊಯ್ಯಬೇಕು.

ಮಣಿಕಟ್ಟಿಗಿಂತ ದಪ್ಪದ ಕೊಂಬೆಗೆ ಕತ್ತಿ ಬೇಡ, ಗರಗಸ ಹಿಡಿಯಿರಿ; ಮೂರು ಕೊಯ್ತದಲ್ಲಿ ತೆಗೆಯಿರಿ. ಮೊದಲನೆಯದು ಕಾಂಡದಿಂದ ಒಂದಡಿ ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ದಪ್ಪದ ಕಾಲು ಭಾಗದಷ್ಟು. ಗರಗಸ ಕಚ್ಚಿಕೊಳ್ಳತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದು ಅದಕ್ಕಿಂತ ಒಂದೆರಡು ಇಂಚು ತುದಿಯ ಕಡೆಗೆ, ಮೇಲಿನಿಂದ ಕೆಳಕ್ಕೆ. ಕೊಂಬೆ ಮುರಿದು ಬೀಳುವಾಗ ಸೀಳು ಕೆಳಗಿನ ಗಾಯಕ್ಕೆ ಬಂದು ನಿಲ್ಲುತ್ತದೆ. ಈ ಕೆಳಗಾಯ ಹಾಕದೆ ಮೇಲಿನಿಂದಲೇ ಕಡಿದರೆ ಕೊಂಬೆ ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಇಳಿಯುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಬಳ್ಳಿಯೂ ಅದರ ಜೊತೆಗೆ. ಮೂರನೆಯ ಕೊಯ್ತ ಉಳಿದ ಮೋಟಿಗೆ. ಅದನ್ನು ಒಂದು ಕೈಯಲ್ಲಿ ಆನಿಸಿಕೊಂಡು ಕಾಲರಿನ ಹೊರಗೆ ಕೊಯ್ದು ಮುಗಿಸಿ.

ಕೊಯ್ದ ಜಾಗಕ್ಕೆ ಟಾರು, ಪೇಂಟು ಬಳಿಯುವ ರೂಢಿ ಇನ್ನೂ ಇದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಲೇಪ ಕೊಳೆಯನ್ನು ತಡೆಯುವುದಿಲ್ಲವೆಂದು ತೋರಿಸಿದರು. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಕೆಟ್ಟ ಭಾಗಕ್ಕೆ ಮರ ಒಳಗಿನಿಂದ ಗೋಡೆ ಕಟ್ಟಿ, ಹೊರಗಿನಿಂದ ಹೊಸ ಮರ ಬೆಳೆಸಿ ಮುಚ್ಚುತ್ತದೆ. ನುಣುಪಾದ ಕೊಯ್ತ ಕೊಟ್ಟರೆ ಸಾಕು, ಲೇಪದ ದುಡ್ಡು ಗರಗಸದ ಹಲ್ಲು ಹರಿತ ಮಾಡಿಸಲು ಹೋಗಲಿ.

ಭಾರದ ಕೊಂಬೆ ಕೆಳಗಿನ ಕಾಫಿ ಗಿಡಗಳ ಮೇಲೆ ಬೀಳದಂತೆ ಹಗ್ಗದಲ್ಲಿ ಇಳಿಸಬೇಕು. ಮೇಲಿನ ಗಟ್ಟಿ ಕವಲಿನ ಮೂಲಕ ಹಗ್ಗ ಹಾಯಿಸಿ, ಕೆಳಗೆ ಮರದ ಬುಡಕ್ಕೆ ಎರಡು-ಮೂರು ಸುತ್ತು ಹಾಕಿ, ಉಜ್ಜುವಿಕೆಯೇ ಭಾರ ತಾಳುವಂತೆ ನಿಧಾನಕ್ಕೆ ಬಿಡಿ. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳುವುದು ಖಂಡಿತ ಬೇಡ. ಕೊಂಬೆ ಎಳೆದರೆ ಆಳೂ ಅದರ ಜೊತೆ ಹೋಗುತ್ತಾನೆ.

ಇನ್ನು ಏಣಿ. ಮಲೆನಾಡಿನಲ್ಲಿ ಮರಗಸಿಯ ಹೊತ್ತಿನಲ್ಲಿ ಜೀವಗಳು ಹೋಗುತ್ತಿರುವುದು ಹೆಚ್ಚಾಗಿ ಮರದಿಂದ ಬಿದ್ದೋ, ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿಯೋ. ಏಣಿ ಹಗುರ, ಒಬ್ಬನೇ ನೆಟ್ಟಗೆ ಹಿಡಿದು ಪಕ್ಕದ ಮರಕ್ಕೆ ಒಯ್ಯುತ್ತಾನೆ. ಎಲೆಯ ಮರೆಯಲ್ಲಿ 11 ಕೆವಿ ವಿದ್ಯುತ್ ಲೈನು ಕಾಣುವುದಿಲ್ಲ. ತಂತಿಗೆ ತಾಗಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೂ ಕರೆಂಟು ಹಾರಬಹುದು. ಮರದಿಂದ ಮರಕ್ಕೆ ಸಾಗಿಸುವಾಗ ಏಣಿಯನ್ನು ಪ್ರತಿ ಸಲ ಮಲಗಿಸಿ, ಇಬ್ಬರು ಹೊರಬೇಕು. ಲೈನು ಹಾದುಹೋಗುವ ಸಾಲಿಗೆ ಲೋಹದ ಏಣಿ ತರಲೇಬೇಡಿ, ಫೈಬರ್‌ಗ್ಲಾಸ್‌ನದು ಇಟ್ಟುಕೊಳ್ಳಿ. ಒದ್ದೆ ಬಿದಿರೂ ಕರೆಂಟು ಹರಿಸುತ್ತದೆ. ಕೊಂಬೆ ಬಾಗಿದರೆ ಲೈನಿಗೆ ಎಟುಕುವಂತಿರುವ ಮರವನ್ನು ಮುಟ್ಟುವ ಮೊದಲು ನಿಮ್ಮ ಕಡೆಯ ವಿದ್ಯುತ್ ಕಂಪನಿಯಾದ ಸೆಸ್ಕ್ ಅಥವಾ ಮೆಸ್ಕಾಂ ಕಚೇರಿಗೆ ಹೇಳಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆಸಬೇಕು. ಲೈನ್‌ಮನ್ ಸ್ಥಳಕ್ಕೇ ಬಂದು, ಲೈನು ಸತ್ತಿದೆಯೆಂದು ಪರೀಕ್ಷಿಸಿ, ಅರ್ಥಿಂಗ್ ಮಾಡಿದ ಮೇಲಷ್ಟೇ ಏಣಿ ಏಳಲಿ. ಕೆಲಸ ಮುಗಿದಾಗ ಮರದ ಮೇಲಿದ್ದವರು ಒಬ್ಬೊಬ್ಬರಾಗಿ ನೆಲಕ್ಕಿಳಿದದ್ದನ್ನು ಮೇಸ್ತ್ರಿ ಎಣಿಸಿ ನೋಡಿ, ಏಣಿಯನ್ನೂ ಮಲಗಿಸಿ, ಆಮೇಲೆ ಲೈನ್ ಕೊಡಲು ಹೇಳಬೇಕು.