ಹತ್ತು ನಿಮಿಷದ ಜಿಪಿಯನ್ನು ಅಳೆಯುವುದು ಹೇಗೆ?

“ಮಗುವಿಗೆ ಮೂರು ದಿನದಿಂದ ಜ್ವರ ಡಾಕ್ಟ್ರೇ. ನಮ್ಮ ಜಿಪಿ ಹತ್ತು ನಿಮಿಷ ನೋಡಿ ವೈರಲ್ ಅಂದ್ರು, ಪ್ಯಾರಾಸಿಟಮಾಲ್ ಕೊಡಿ ಅಂತ ಕಳಿಸಿಬಿಟ್ರು. ಒಂದು ಬ್ಲಡ್ ಟೆಸ್ಟೂ ಮಾಡಿಸಲಿಲ್ಲ.” ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಯಾವ ಕಾಯಿಲೆಗೂ ಮೊದಲು ಕಾಣುವ ಕುಟುಂಬ ವೈದ್ಯ, ಆಗಿರುವ ನನ್ನ ಬಳಿ ಇಲ್ಲಿನ ಕನ್ನಡಿಗರು ಹೇಳಿಕೊಳ್ಳುವ ದೂರುಗಳಲ್ಲಿ ಇದೇ ಹೆಚ್ಚು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ರಕ್ತಪರೀಕ್ಷೆ ಬರೆದುಕೊಡಲಿಲ್ಲ ಎಂಬುದೊಂದರಿಂದಲೇ ಚಿಕಿತ್ಸೆ ಕಳಪೆ ಎನ್ನಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಮೂರನೇ ದಿನದ ಜ್ವರಕ್ಕೆ ಸಿಬಿಸಿ (ರಕ್ತಕಣಗಳ ಎಣಿಕೆ), ಡೆಂಗಿ ಟೆಸ್ಟ್ ಬರೆಯುವುದಕ್ಕೆ ಕಾರಣವಿದೆ, ಆ ಕಾಯಿಲೆಗಳು ಅಲ್ಲಿವೆ. ಇಂಗ್ಲೆಂಡಿನ ಲೆಸ್ಟರ್ ನಗರ ಬಿಟ್ಟು ಎಲ್ಲಿಗೂ ಹೋಗದ ಮಗುವಿನಲ್ಲಿ ಅವನ್ನು ಹುಡುಕುವುದರಲ್ಲಿ ಹುರುಳಿಲ್ಲ. ಹಾಗಾಗಿ ನಾನು ಮರಳಿ ಕೇಳುವುದು: “ಇತ್ತೀಚೆಗೆ ಊರಿಗೆ ಹೋಗಿದ್ರಾ ಅಂತ ಅವರು ಕೇಳಿದ್ರಾ?” ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಟೈಫಾಯಿಡ್‌ಗೆ ಸಾಮಾನ್ಯವಾಗಿ 1ರಿಂದ 3 ವಾರ ಬೇಕು, ಮಲೇರಿಯಾ ತಿಂಗಳುಗಟ್ಟಲೆ ಬಿಟ್ಟೂ ಬರಬಹುದು. ರಜೆ ಮುಗಿಸಿ ಊರಿಂದ ಬಂದ ಮಗುವನ್ನು ಈ ಪ್ರಶ್ನೆ ಕೇಳದೆ ಮನೆಗೆ ಕಳಿಸಿದರೆ ಅದು ಲೋಪವೇ. ಕೇಳದಿದ್ದರೆ ನೀವೇ ಹೇಳಿ.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮನೆಗೆ ಕಳಿಸುವಾಗ ಏನು ಹೇಳಿದರು? ಹತ್ತು ನಿಮಿಷ ನೋಡಿದ ಯಾವ ವೈದ್ಯರಿಗೂ ಆ ಜ್ವರ ನಾಳೆ ಎತ್ತ ತಿರುಗುತ್ತದೆಂದು ಗೊತ್ತಿರುವುದಿಲ್ಲ. “ಜಾಸ್ತಿಯಾದರೆ ಬನ್ನಿ” ಎಂದಷ್ಟೇ ಹೇಳಿದರೆ ಸಾಲದು. ಏನು ಕಂಡರೆ, ಎಷ್ಟು ದಿನಕ್ಕೆ, ಎಲ್ಲಿಗೆ ಎಂದು ಬಿಡಿಸಿ ಹೇಳಬೇಕು. ಜ್ವರ 5 ದಿನವಾದರೂ ಬಿಡದಿದ್ದರೆ ತಕ್ಷಣ ಜಿಪಿಗೆ ಫೋನ್ ಮಾಡಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಎಬ್ಬಿಸಿದರೂ ಮಗು ಸರಿಯಾಗಿ ಏಳದಿದ್ದರೆ ತುರ್ತು ನಂಬರ್ 999. ಏನು ಮಾಡಬೇಕೆಂದು ಗೊತ್ತಾಗದಿದ್ದರೆ ಆರೋಗ್ಯ ಸಲಹೆಯ ನಂಬರ್ 111. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದರೆ ಕಾಯುವ ಮಾತೇ ಇಲ್ಲ. ಗಾಜಿನ ಲೋಟ ಒತ್ತಿದರೂ ಮಾಸದ ದದ್ದು ಅಪಾಯವೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮ ಮಕ್ಕಳ ಕಂದು ಮೈಯಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ಅಂಗೈ, ಅಂಗಾಲು, ಹೊಟ್ಟೆ, ಬಾಯೊಳಗಿನ ಅಂಗುಳ ನೋಡಬೇಕು. ಇದನ್ನು ತಾವಾಗಿ ಹೇಳಿದ ಜಿಪಿ ಸಿಕ್ಕಿದ್ದರೆ ಅವರನ್ನು ಬಿಡಬೇಡಿ.

ಮೈಬಣ್ಣದ ಮಾತು ದೊಡ್ಡವರಿಗೂ ಅನ್ವಯಿಸುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು, ಕಂದು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ತುಸು ಹೆಚ್ಚಾಗಿ ತೋರಿಸಬಹುದು. ದಮ್ಮು ಕಟ್ಟುತ್ತಿರುವಾಗ “ಸ್ಯಾಚುರೇಷನ್ ಚೆನ್ನಾಗಿದೆ” ಎಂಬ ಒಂದೇ ಮಾತಿಗೆ ಸುಮ್ಮನಾಗಬೇಡಿ. ಬಿಳಿಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ತೂಕ ಹೆಚ್ಚು ಎನ್ನುತ್ತಾರೆ. ದಕ್ಷಿಣ ಏಷ್ಯಾದವರಿಗೆ ಆ ಗೆರೆ 23. ಮೂವತ್ತರ ಆಸುಪಾಸಿನ ಐಟಿ ಹುಡುಗ, ಬಿಎಂಐ 24, ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದರೆ ಒಳ್ಳೆಯ ಜಿಪಿ ಸಕ್ಕರೆ ಕಾಯಿಲೆ ಪತ್ತೆಗೆ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸುತ್ತಾರೆ. ರಕ್ತಪರೀಕ್ಷೆ ಕೇಳಿ ಹಟ ಹಿಡಿಯುವುದಾದರೆ ಇಲ್ಲಿ ಹಿಡಿಯಿರಿ. ಊರಲ್ಲಿ ಮಾಸ್ಟರ್ ಚೆಕಪ್ ಮಾಡಿಸಿ ತರುವ ದಪ್ಪ ಫೈಲಿಗಿಂತ ಇದರಿಂದ ಉಪಯೋಗ ಹೆಚ್ಚು. ಆ ಫೈಲಿನಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್ ಶಂಕೆಯಿದ್ದಾಗ ನೋಡುವ ರಕ್ತದ ಅಂಶ) ಕೊಂಚ ಏರಿದೆಯೆಂದು ಕ್ಯಾನ್ಸರ್ ಭಯದಲ್ಲಿ ನಿದ್ದೆಗೆಟ್ಟು ಬರುವ ಹೆಣ್ಣುಮಕ್ಕಳಿದ್ದಾರೆ. ಫೈಬ್ರಾಯ್ಡ್ (ಗರ್ಭಕೋಶದ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ, ಮುಟ್ಟಿನ ಸಮಯದಲ್ಲೂ ಅದು ಏರಬಹುದು.

ಜಿಪಿ ಕ್ಲಿನಿಕ್ಕುಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಕೇರ್ ಕ್ವಾಲಿಟಿ ಕಮಿಷನ್ ಕೊಡುವ ‘ಗುಡ್’ (ಚೆನ್ನಾಗಿದೆ), ‘ಇನ್‌ಆಡಿಕ್ವೇಟ್’ (ಸಾಲದು) ಶ್ರೇಣಿಗಳನ್ನು ನೋಡಿ, ಜೊತೆಗೆ ತಪಾಸಣೆಯ ತಾರೀಖನ್ನೂ ನೋಡಿ. ಕೆಲವು ಹಲವು ವರ್ಷ ಹಳೆಯವು.

ಆಸ್ಪತ್ರೆಗೆ ಸೇರಿದಾಗ ನಮ್ಮವರು ತೀರಾ ಮೆತ್ತಗಾಗುತ್ತಾರೆ. ಡಾಕ್ಟರಿಗೆ ಬೇಜಾರಾದೀತೆಂದು ಬಾಯಿ ಬಿಡುವುದಿಲ್ಲ. 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಲಂಡನ್ನಿನ ಆಸ್ಪತ್ರೆಯಲ್ಲಿ ಸೆಪ್ಸಿಸ್‌ನಿಂದ (ಸೋಂಕಿಗೆ ಮೈಯೆಲ್ಲ ತತ್ತರಿಸುವ ಮಾರಕ ಸ್ಥಿತಿ) ತೀರಿಕೊಂಡಳು. ಹೆತ್ತವರು ಹೇಳಿಕೊಂಡ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಅವಳ ಹೆಸರಿನ ‘ಮಾರ್ಥಾಸ್ ರೂಲ್’ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಬರತೊಡಗಿತು. ರೋಗಿಯ ಸ್ಥಿತಿ ಕೆಡುತ್ತಿದೆ, ಯಾರೂ ಕಿವಿಗೊಡುತ್ತಿಲ್ಲ ಅನ್ನಿಸಿದರೆ ಮನೆಯವರೇ ಹಗಲಿರುಳು ಯಾವಾಗ ಬೇಕಾದರೂ ಬೇರೊಂದು ತಂಡವನ್ನು ಕರೆಸಿ ಪರೀಕ್ಷಿಸುವಂತೆ ಕೇಳಬಹುದು. ದಾಖಲಾದ ದಿನವೇ ವಾರ್ಡಿನ ನರ್ಸ್ ಹತ್ತಿರ ಆ ತಂಡವನ್ನು ಕರೆಸುವ ನಂಬರ್ ಕೇಳಿ ಫೋನಿನಲ್ಲಿ ಹಾಕಿಕೊಳ್ಳಿ.