ಪ್ರಿನ್ಸ್ ರೂಪರ್ಟ್ ಬರೀ ಹಡಗು ಹಿಡಿಯುವ ಊರಾ, ಎರಡು ದಿನ ಉಳಿಯಬಹುದಾ?

ಕೆನಡಾದ ಪಶ್ಚಿಮ ಕರಾವಳಿಗೆ ಹೋಗುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ಅಲಾಸ್ಕಾದ ಗಡಿಗೆ ಹತ್ತಿರದ ಈ ಬಂದರಿಗೆ ರಾತ್ರಿ ಬಂದು, ಬೆಳಿಗ್ಗೆ ಹೈಡಾ ಗ್ವಾಯ್ ದ್ವೀಪಗಳಿಗೋ ವ್ಯಾಂಕೂವರ್ ದ್ವೀಪಕ್ಕೋ ಫೆರ್ರಿ ಹತ್ತಿ ಹೋಗುವವರೇ ಬಹಳ. ನನ್ನ ಉತ್ತರ: ಉಳಿಯಿರಿ. ಆದರೆ ಏನು ನೋಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡು ತಿಂಗಳು ಆರಿಸಿ.

ಕರಡಿ ಬೇಕಾದರೆ ಮೇ ಮಧ್ಯದಿಂದ ಜುಲೈ ಒಳಗೆ ಹೋಗಿ. ಊರಿನ ಈಶಾನ್ಯಕ್ಕೆ ಖುಟ್ಜಿಮಟೀನ್ ಕಣಿವೆ ಇದೆ, 1994ರಲ್ಲಿ ಗ್ರಿಜ್ಲಿ ಕರಡಿಗಳಿಗೆಂದೇ ಕಾಯ್ದಿಟ್ಟ ಕಾಡು. ಅಲ್ಲಿಗೆ ರಸ್ತೆಯೇ ಇಲ್ಲ. ಬೋಟಿನಲ್ಲಿ ಹೋಗಿ, ನೀರಿನ ಮೇಲೆ ಕೂತೇ ನೋಡಬೇಕು, ದಡಕ್ಕೆ ಇಳಿಯುವ ಹಾಗಿಲ್ಲ. ಚಳಿಗಾಲದ ನಿದ್ದೆ ಮುಗಿಸಿ ಹಸಿದ ಕರಡಿಗಳು ಆಗ ನದಿಮುಖದ ಹುಲ್ಲು ಮೇಯಲು ಬರುತ್ತವೆ, ಅದಕ್ಕೇ ಆ ತಿಂಗಳುಗಳು. ತಿಮಿಂಗಿಲ ನೋಡಬೇಕು ಅಂದರೆ ಆಗಸ್ಟ್, ಸೆಪ್ಟೆಂಬರ್ ವಾಸಿ.

ಇನ್ನು ಮಳೆ. ವರ್ಷಕ್ಕೆ 2,500 ಮಿಲಿಮೀಟರ್ ದಾಟುತ್ತದೆ, ಬೇಸಿಗೆಯಲ್ಲೂ ತಣ್ಣಗೆ ಜಿನುಗುತ್ತಿರುತ್ತದೆ. ಮಳೆ ನಿಲ್ಲಲಿ ಅಂತ ಹೋಟೆಲಿನಲ್ಲಿ ಕಾಯಬೇಡಿ, ಸುಮ್ನೆ ಒಳ್ಳೆ ರೈನ್‌ಕೋಟ್ ಹಾಕಿಕೊಂಡು ಹೊರಡಿ.

ಮೊದಲು ಹೋಗಬೇಕಾದ್ದು ಬಂದರಿನ ಪಕ್ಕದ ನಾರ್ದರ್ನ್ ಬ್ರಿಟಿಷ್ ಕೊಲಂಬಿಯಾ ಮ್ಯೂಸಿಯಂಗೆ. ಇದು ಸಿಮ್ಶಿಯನ್ ಅನ್ನುವ ಮೂಲನಿವಾಸಿ ಜನರ ನೆಲ, ಸಾವಿರಾರು ವರ್ಷಗಳಿಂದ ಅವರು ಇಲ್ಲಿದ್ದಾರೆ. ಊರಲ್ಲಿ ಅಲ್ಲಲ್ಲಿ ಕಾಣುವ ಟೋಟೆಮ್ ಕಂಬಗಳನ್ನು ಎಷ್ಟೋ ಜನ ದೇವರ ಕಂಬ ಅಂದುಕೊಂಡು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅವು ಪೂಜೆಗಲ್ಲ. ಒಂದು ಮನೆತನ ಯಾರದು, ಅದರ ಕಥೆ ಏನು, ಹಕ್ಕು ಏನು ಅನ್ನುವುದನ್ನು ಸೀಡರ್ ಮರದಲ್ಲಿ ಕೆತ್ತಿ ನಿಲ್ಲಿಸಿದ್ದು. ಹದ್ದು, ಕಾಗೆ ಜಾತಿಯ ರೇವನ್, ತೋಳ, ಓರ್ಕಾ ತಿಮಿಂಗಿಲ ಅಂತ ಅವರಲ್ಲಿ ನಾಲ್ಕು ಕುಲ, ಮಗು ಸೇರುವುದು ತಾಯಿಯ ಕುಲಕ್ಕೆ. ನಾಯಕನ ಹೆಸರು, ಪಟ್ಟ ಸೋದರಮಾವನಿಂದ ಸೋದರಳಿಯನಿಗೆ ಬರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹೆಸರು, ಹಕ್ಕುಗಳನ್ನು ಎಲ್ಲರೆದುರು ಸಾರಿ, ಬಂದವರಿಗೆ ಉಡುಗೊರೆ ಹಂಚುವ ಪಾಟ್ಲಾಚ್ ಕೂಟವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. ಇಷ್ಟು ತಿಳಿದು ನೋಡಿದರೆ ಕಂಬದ ಮೇಲಿನ ಹದ್ದು ಬರೀ ಅಲಂಕಾರ ಅನ್ನಿಸುವುದಿಲ್ಲ.

ಅರ್ಧ ದಿನ ಮಿಕ್ಕರೆ ಹತ್ತಿರದ ಪೋರ್ಟ್ ಎಡ್ವರ್ಡ್‌ನಲ್ಲಿ ಸಾಲ್ಮನ್ ಮೀನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆ ನೋಡಿ, 1889ರದ್ದು. ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ್ದಾರೆ. ಮೂಲನಿವಾಸಿಗಳು, ಚೀನೀಯರು, ಜಪಾನೀಯರು, ಯುರೋಪಿನವರು ಒಂದೇ ಕಡೆ ದುಡಿದರೂ ವಾಸದ ಮನೆಗಳು ಬೇರೆಬೇರೆ. ಬಟ್ಸ್ ರಾಪಿಡ್ಸ್‌ಗೆ ಕಾಡುದಾರಿಯಲ್ಲಿ ನಡೆದು ಹೋಗಬಹುದು. ಅಲ್ಲಿ ಉಬ್ಬರ ಇಳಿತಕ್ಕೆ ತಕ್ಕಂತೆ ನೀರಿನ ಸೆಳೆತ ದಿಕ್ಕು ಬದಲಿಸುತ್ತದೆ, ಹಾಗಾಗಿ ಉಬ್ಬರದ ವೇಳಾಪಟ್ಟಿ ನೋಡದೆ ಹೋದರೆ ಬರೀ ನಿಂತ ನೀರು ನೋಡಿ ಬರುತ್ತೀರಿ.

ತಲುಪುವುದು ಹೇಗೆ ಅಂದರೆ, ರಾಕಿ ಪರ್ವತಗಳ ನಡುವಿನ ಜಾಸ್ಪರ್ ಊರಿನಿಂದ ರೈಲಿದೆ. ಎರಡು ಹಗಲಿನ ಪಯಣ, ನಡುವೆ ರಾತ್ರಿ ಪ್ರಿನ್ಸ್ ಜಾರ್ಜ್‌ನಲ್ಲಿ ಉಳಿಯಬೇಕು, ಆ ರೂಮನ್ನು ನೀವೇ ಬುಕ್ ಮಾಡಿಕೊಳ್ಳಬೇಕು. ವಿಮಾನದಲ್ಲಿ ಬಂದರೆ ಇಳಿಯುವುದು ಎದುರಿನ ಡಿಗ್ಬಿ ದ್ವೀಪದಲ್ಲಿ, ಅಲ್ಲಿಂದ ಬಸ್ಸು ಫೆರ್ರಿ ಏರಿ ಊರಿಗೆ ಬರುತ್ತದೆ. ವಾಪಸ್ ಹೋಗುವಾಗಲೂ ಹಾಗೇ, ಅದಕ್ಕೆ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.