ಕೊಲೆ ನಡೆದದ್ದು ಯಾವ ಊರಲ್ಲಿ?

'ಜುಗಾರಿ ಕ್ರಾಸ್' ಸಿನಿಮಾ ಆಗುತ್ತಿದೆ ಅಂತ 2025ರಲ್ಲಿ ಸುದ್ದಿ ಬಂದ ದಿನ, ನನ್ನ ಫೋನಿಗೆ ಒಂದೇ ಸಂಜೆಯಲ್ಲಿ ನಾಲ್ಕು ಜನ ಆ ಸುದ್ದಿ ಕಳಿಸಿದರು. ನಿರ್ದೇಶಕ ಗುರುದತ್ತ ಗಾಣಿಗ, ಮುಖ್ಯ ಪಾತ್ರದಲ್ಲಿ ರಾಜ್ ಬಿ. ಶೆಟ್ಟಿ. ಕಳಿಸಿದವರಲ್ಲಿ ಇಬ್ಬರು ವರ್ಷಕ್ಕೊಂದು ಪುಸ್ತಕವನ್ನೂ ಓದುವವರಲ್ಲ. ಆದರೂ ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿಯನ್ನು ಓದಿದ್ದಾರೆ. ಏಲಕ್ಕಿ ಬೆಳೆಯುವ ಸುರೇಶ, ಅವನ ಹೆಂಡತಿ ಗೌರಿ, ಘಟ್ಟದ ಒಂದು ಕ್ರಾಸು. ಇಪ್ಪತ್ತನಾಲ್ಕು ಗಂಟೆಯಲ್ಲಿ ನಡೆದು ಮುಗಿಯುವ ಕಥೆ. 1994ರಲ್ಲಿ ಬಂದ ಪುಸ್ತಕ ಇವತ್ತಿಗೂ ಹೊಸ ಓದುಗರ ಕೈಗೆ ಹೋಗುತ್ತಲೇ ಇದೆ.

ಆ ಸಂಜೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಇತ್ತೀಚೆಗೆ ನಾನು ಮನಸ್ಸಿಟ್ಟು ನೋಡಿದ ಕನ್ನಡದ ಕ್ರೈಮ್ ಕಥೆಗಳೆಲ್ಲ ಹೆಚ್ಚುಕಡಿಮೆ ಅದೇ ದಿಕ್ಕಿನವು. 2024ರ 'ಶಾಖಾಹಾರಿ', 'ಕೆರೆಬೇಟೆ'. 2025ರ ಏಪ್ರಿಲ್‌ನಲ್ಲಿ ಬಂದ 'ಅಜ್ಞಾತವಾಸಿ'. ಅದೇ ತಿಂಗಳು ಝೀ5ನಲ್ಲಿ ಬಂದ, ರಮೇಶ್ ಇಂದಿರಾ ನಿರ್ದೇಶನದ ವೆಬ್ ಸರಣಿ 'ಅಯ್ಯನ ಮನೆ'. ಎಲ್ಲದರಲ್ಲೂ ಮಳೆ, ಹಂಚಿನ ಮನೆ, ತೋಟ, ದೂರದೂರ ಇರುವ ದೀಪಗಳು. ಕನ್ನಡದ ಕೊಲೆಗಾರ ಮಲೆನಾಡಿಗೆ ಯಾವಾಗ ಬಂದ? ಮೊದಲು ಅವನು ಇಲ್ಲಿರಲಿಲ್ಲವಲ್ಲ.

ಇದಕ್ಕೆ ಉತ್ತರ ಬೇಕಾದರೆ ಎಪ್ಪತ್ತು ವರ್ಷ ಹಿಂದೆ ಹೋಗಬೇಕು. ಬಾಡಿಗೆ ಪುಸ್ತಕದ ಅಂಗಡಿಗೆ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಅಂದರೆ ಎನ್. ನರಸಿಂಹಯ್ಯ ಅನ್ನುವ ಕಾಲವೊಂದಿತ್ತು. ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ'ದಿಂದ ಶುರುವಾದ ಪಯಣ ಅದು. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಆಗಿನ ಹುಡುಗರಿಗೆ ಸಿನಿಮಾ ನಟರಷ್ಟೇ ಪರಿಚಿತರು. ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಚಿಕ್ಕ ಬಾಡಿಗೆ ಅಂಗಡಿ ಇತ್ತು. ಅಲ್ಲಿನ ಪತ್ತೇದಾರಿ ಪುಸ್ತಕಗಳಿಗೆ ರಟ್ಟು ಹಾಕಿ, ದಾರದಲ್ಲಿ ಹೊಲಿದಿರುತ್ತಿದ್ದರು. ಅಷ್ಟು ಕೈ ಬದಲಾಯಿಸುತ್ತಿದ್ದವು. ನಾನು ತಂದ ಒಂದರಲ್ಲಿ ಯಾರೋ ಹನ್ನೊಂದನೇ ಪುಟದಲ್ಲೇ ಕೊಲೆಗಾರನ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದರು. ಆ ಸಿಟ್ಟು ಇನ್ನೂ ಹೋಗಿಲ್ಲ.

ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಇದು ತುಂಬ ಜನಕ್ಕೆ ಗೊತ್ತಿಲ್ಲ. ಕನ್ನಡ ಓದುವವರು ಜಾಸ್ತಿ ಆಗಬೇಕು ಅಂತ ಬೀದಿಗಿಳಿದ ಮನುಷ್ಯ, ಜನ ಕೈಯಿಂದ ಕೆಳಗಿಡಲಾರದಂಥ ಕಥೆಗಳನ್ನೂ ಬರೆದರು. ಈ ಎರಡೂ ಕೆಲಸ ಒಂದೇ ಮನಸ್ಸಿನಿಂದ ಬಂದದ್ದು ಅಂತ ನಾನು ನಂಬುತ್ತೇನೆ. ಆದರೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಪತ್ತೇದಾರಿ ಕಾದಂಬರಿಗೆ ಸಿಕ್ಕ ಜಾಗ ತೀರಾ ಕಡಿಮೆ. ಸಾವಿರಾರು ಜನರಿಗೆ ಓದುವ ಚಟ ಹಿಡಿಸಿದ ಬರಹವನ್ನು ಹೀಗೆ ಬದಿಗೆ ಸರಿಸಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಟಿ.ಕೆ. ರಾಮರಾವ್ ಅವರದು ಇನ್ನೂ ವಿಚಿತ್ರ. ಸಸ್ಪೆನ್ಸ್ ಕಾದಂಬರಿಗಳಿಗೆ ಹೆಸರಾದ ಅವರನ್ನು ಹೊರಗಿನ ಲೋಕ ನೆನಪಿಟ್ಟಿರುವುದು 1972ರ 'ಬಂಗಾರದ ಮನುಷ್ಯ'ದಿಂದ. ರಾಜ್‌ಕುಮಾರ್ ಹಳ್ಳಿಗೆ ಬಂದು ಉಳುಮೆ ಮಾಡುವ ಆ ಸಿನಿಮಾದ ಮೂಲ ಕಾದಂಬರಿ ಇವರದ್ದೇ. ಒಬ್ಬ ಪತ್ತೇದಾರಿ ಲೇಖಕ ಊರನ್ನು, ಮಣ್ಣನ್ನು ಇಷ್ಟು ಚೆನ್ನಾಗಿ ಬರೆಯಬಲ್ಲವನಾಗಿದ್ದ. ಹಾಗಿದ್ದರೂ ಆ ಕಾಲದ ಪತ್ತೇದಾರಿ ಕಥೆಗಳಲ್ಲಿ ನಾನು ಓದಿದಷ್ಟರಲ್ಲಿ ಊರು ಬರೀ ಹೆಸರಿಗೆ ಇರುತ್ತಿತ್ತು. ಪಾಳುಬಂಗಲೆ, ಗುಪ್ತದ್ವಾರ, ಕಪ್ಪು ಕಾರು. ಅವು ಮೈಸೂರಲ್ಲೂ ಇರಬಹುದು, ಲಂಡನ್ನಿನಲ್ಲೂ ಇರಬಹುದು.

ಸಿನಿಮಾದಲ್ಲೂ ಹಾಗೇ ಆಯಿತು. 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಜೇಮ್ಸ್ ಬಾಂಡ್ ಕನ್ನಡ ಮಾತಾಡಿದ ಹಾಗಿತ್ತು. ಜನ ಹುಚ್ಚೆದ್ದು ನೋಡಿದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999'ನಲ್ಲಿ, ಮುಂದಿನ ವರ್ಷ 'ಆಪರೇಷನ್ ಜಾಕ್‌ಪಾಟ್'ನಲ್ಲಿ, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅದೇ 999. ಬಣ್ಣಬಣ್ಣದ ಗುಹೆ, ಗುಂಡಿ ಒತ್ತಿದರೆ ತೆರೆಯುವ ಬಾಗಿಲು. ನನಗೆ ಈಗಲೂ ಇವು ಇಷ್ಟ.

ಬೇರೆ ದಾರಿ ಹುಡುಕಿದವರೂ ಇದ್ದರು. ಕಾಶೀನಾಥ್ ತಮ್ಮ 'ಅಪರಿಚಿತ' ಚಿತ್ರವನ್ನು ಪೂರ್ತಿ ಸಸ್ಪೆನ್ಸ್ ಮೇಲೆ ನಿಲ್ಲಿಸಿದರು. ಅದೂ 1978. ಶಂಕರ್ ನಾಗ್ ಅವರ 'ಆಕ್ಸಿಡೆಂಟ್' ಬೆಂಗಳೂರಿನ ರಾತ್ರಿಯ ರಸ್ತೆ, ಫುಟ್‌ಪಾತಿನಲ್ಲಿ ಮಲಗಿದ ಜನ, ಅಧಿಕಾರ ಇರುವವನ ಮಗ ಇವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ಅಪರಾಧ ನಡೆದ ಜಾಗಕ್ಕೆ ಅರ್ಥ ಇತ್ತು. ಆ ಊರಲ್ಲದೆ ಬೇರೆ ಕಡೆ ಆ ಕಥೆ ಹಾಗೆ ನಡೆಯುತ್ತಿರಲಿಲ್ಲ.

ಆಮೇಲೆ ಸುನೀಲ್ ಕುಮಾರ್ ದೇಸಾಯಿ. 1989ರ 'ತರ್ಕ'ದಲ್ಲಿ ಒಂದೂ ಹಾಡಿಲ್ಲ. ಹಾಡಿಲ್ಲದೆ ಕನ್ನಡ ಸಿನಿಮಾ ಓಡುತ್ತಾ ಅಂತ ಕೇಳುತ್ತಿದ್ದ ಕಾಲದಲ್ಲಿ ಅದು ಓಡಿತು. ನಂತರ 'ಉತ್ಕರ್ಷ', 1993ರಲ್ಲಿ 'ನಿಷ್ಕರ್ಷ'. ಬ್ಯಾಂಕಿನೊಳಗೆ ಸಿಕ್ಕಿಬಿದ್ದ ಜನ, ವಿಷ್ಣುವರ್ಧನ್, ಅನಂತ್ ನಾಗ್. ಕಸುಬು ಅಂದರೆ ಇದು. ಆದರೆ ದೇಸಾಯಿಯವರ ಕಥೆಗಳ ಎಲುಬು ಹೊರಗಿನದು. 'ತರ್ಕ'ದ ಹಿಂದೆ ಅಗಾಥಾ ಕ್ರಿಸ್ಟಿಯ ನಾಟಕ, 'ನಿಷ್ಕರ್ಷ'ದ ಹಿಂದೆ ಹಾಲಿವುಡ್. ಆ ಎಲುಬಿನ ಮೇಲೆ ಅವರು ತುಂಬಿದ ಉಸಿರು ಮಾತ್ರ ನಮ್ಮದೇ.

ಇನ್ನೊಂದು ಕಡೆ, ಪತ್ತೇದಾರಿ ಅನ್ನುವ ಹಣೆಪಟ್ಟಿ ಇಲ್ಲದೆಯೇ, ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬೇರೇನೋ ಮಾಡುತ್ತಿದ್ದರು. 1985ರ 'ಚಿದಂಬರ ರಹಸ್ಯ'ದಲ್ಲಿ ಒಂದು ಸಾವಿದೆ, ತನಿಖೆ ಇದೆ, ಏಲಕ್ಕಿ ಇದೆ. ಆದರೆ ಪತ್ತೆ ಆಗುತ್ತಾ ಹೋಗುವುದು ಕೆಸರೂರು ಅನ್ನುವ ಇಡೀ ಊರು. ಅದರ ಜಾತಿ ಜಗಳ, ಹುಡುಗರ ಕ್ರಾಂತಿ ಮಾತು, ತೋಟದವರ ಭಯ, ಸುತ್ತ ಬೆಳೆಯುತ್ತಿರುವ ಕಳೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಾಡಿಗೆ ಅಂಗಡಿಯ ಓದುಗ, ಕಾಲೇಜಿನ ಮೇಷ್ಟರು ಇಬ್ಬರೂ ಒಂದೇ ಪುಸ್ತಕವನ್ನು ಒಂದೇ ಉಸಿರಿಗೆ ಓದಿದ್ದು ಆಗಲೇ ಇರಬೇಕು. ಇವತ್ತಿನ ಮಲೆನಾಡಿನ ಥ್ರಿಲ್ಲರುಗಳ ತಾಯಿಬೇರು ನನ್ನ ಪ್ರಕಾರ ಇಲ್ಲಿದೆ.

ಆದರೆ ಬೇರು ಚಿಗುರಲು ತುಂಬ ಕಾಲ ಹಿಡಿಯಿತು. ತೊಂಬತ್ತರ ದಶಕದಲ್ಲಿ ಕ್ರೈಮ್ ಅಂದರೆ ಬೆಂಗಳೂರಿನ ಭೂಗತ ಲೋಕ ಅಂತಾಯಿತು. 1995ರಲ್ಲಿ ಉಪೇಂದ್ರ ಅವರ 'ಓಂ' ಬಂತು, ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡರು. ಅದೇ ವರ್ಷ ರವಿ ಬೆಳಗೆರೆಯವರ 'ಹಾಯ್ ಬೆಂಗಳೂರ್' ಶುರುವಾಗಿ, ಕ್ರೈಮ್ ವರದಿಯನ್ನೇ ಕಥೆಯ ಹಾಗೆ ಓದುವ ಓದುಗರನ್ನು ಬೆಳೆಸಿತು. ಮಚ್ಚು, ಲಾಂಗು. ಈ ಭಾಗವನ್ನು ನಾನು ಬೇಗ ದಾಟಿಬಿಡುತ್ತೇನೆ. ಅಲ್ಲಿ ಹಿಂಸೆ ಇತ್ತು, ಪತ್ತೇದಾರಿ ಕಡಿಮೆ ಇತ್ತು. ಆ ನಡುವೆ ಪತ್ತೇದಾರಿಯ ರುಚಿಯನ್ನು ಪುಸ್ತಕಗಳಲ್ಲಿ ಮತ್ತೆ ಹುಟ್ಟಿಸಿದವರು ಡಾ. ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದಂಥದ್ದು ಯಾಕಿದೆ ಅನ್ನುವ ಪ್ರಶ್ನೆಯಿಂದ 'ಕನಕ ಮುಸುಕು' ಕಟ್ಟಿದರು. ದೇವಸ್ಥಾನದ ಗೋಡೆಯೇ ಸುಳಿವು. ಅದನ್ನು ಓದಿದ ಮೇಲೆ ಸೋಮನಾಥಪುರಕ್ಕೆ ಹೋಗಿ ಶಿಲ್ಪಗಳ ಕೈಗಳನ್ನೇ ನೋಡುತ್ತಾ ನಿಂತವರಲ್ಲಿ ನಾನೂ ಒಬ್ಬ.

ತೆರೆಯ ಮೇಲೆ ತಿರುವು ಬಂದದ್ದು 2015ರ ಜುಲೈಯಲ್ಲಿ. ಹೊಸಬ ಅನೂಪ್ ಭಂಡಾರಿ ಅವರ 'ರಂಗಿತರಂಗ'. ಕಾದಂಬರಿಕಾರನೊಬ್ಬ ಗರ್ಭಿಣಿ ಹೆಂಡತಿಯ ಜೊತೆ ಕಮರೊಟ್ಟು ಅನ್ನುವ ಹಳ್ಳಿಗೆ ಬರುತ್ತಾನೆ. ಭೂತದ ನಂಬಿಕೆ, ತುಳು ಹಾಡು, ಕಾಡಿನ ದಾರಿ. ಬಿಡುಗಡೆಯಾಗಿ ಒಂದೇ ವಾರಕ್ಕೆ 'ಬಾಹುಬಲಿ' ಬಂತು. ಆದರೂ ಈ ಸಿನಿಮಾ ಥಿಯೇಟರಲ್ಲಿ ಉಳಿಯಿತು, ಅಮೆರಿಕದ ಕನ್ನಡಿಗರೂ ಸಾಲು ನಿಂತು ನೋಡಿದರು. ಮರುವರ್ಷ ಪವನ್ ಕುಮಾರ್ 'ಯು ಟರ್ನ್' ಮಾಡಿದರು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಜನ ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ಗಾಡಿ ತಿರುಗಿಸುತ್ತಾರಲ್ಲ, ಅಷ್ಟೇ ಬೀಜ. ನಾವು ದಿನಾ ನೋಡಿ ಸುಮ್ನೆ ಹೋಗುವ ದೃಶ್ಯ. ಆ ಕಥೆ ಮಲಯಾಳಂ, ತಮಿಳು, ತೆಲುಗು, ಹಿಂದಿ, ಬಂಗಾಳಿಗೆ ಹೋಯಿತು. ಸಿಂಹಳ ಮತ್ತು ಫಿಲಿಪಿನೋ ಭಾಷೆಗೂ ಹೋಯಿತು. ರೀಮೇಕ್ ತರುವ ಚಿತ್ರರಂಗ ಅಂತ ಅನ್ನಿಸಿಕೊಂಡಿದ್ದ ನಮ್ಮಿಂದ ಒಂದು ಫ್ಲೈಓವರಿನ ಕಥೆ ಮನಿಲಾ ತನಕ ಮುಟ್ಟಿತು.

2019ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಸಿನಿಮಾ ಬಂದವು. ಜಯತೀರ್ಥ ಅವರ 'ಬೆಲ್ ಬಾಟಂ'ನಲ್ಲಿ ರಿಷಬ್ ಶೆಟ್ಟಿ ಮಾಡಿದ ದಿವಾಕರ, ಪತ್ತೇದಾರಿ ಪುಸ್ತಕ ಓದಿ ಓದಿ ಪತ್ತೇದಾರನಾಗುವ ಕನಸು ಕಂಡ ಕಾನ್‌ಸ್ಟೇಬಲ್. ನರಸಿಂಹಯ್ಯನವರ ಓದುಗರಿಗೆ ತೆರೆಯ ಮೇಲೆ ಸಿಕ್ಕ ನಮಸ್ಕಾರ ಅದು, ಅಲ್ವಾ? ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ ಮೆಟ್ರೋ ಕೆಲಸಕ್ಕೆ ನೆಲ ಅಗೆದಾಗ ಮೂಳೆಗಳು ಸಿಗುತ್ತವೆ. ಟ್ರಾಫಿಕ್ ಪೊಲೀಸ್ ಅಧಿಕಾರಿಯೊಬ್ಬ ನಲವತ್ತು ವರ್ಷ ಹಳೆಯ ಕೇಸಿನ ಹಿಂದೆ ಬೀಳುತ್ತಾನೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಎಂಬತ್ತರ ದಶಕದಲ್ಲಿ ನಡೆಯುತ್ತದೆ. ಇನ್ನೊಂದರ ಗುಟ್ಟು ಎಪ್ಪತ್ತರ ದಶಕದಲ್ಲಿದೆ. 'ಅಜ್ಞಾತವಾಸಿ' ತೊಂಬತ್ತರ ದಶಕದ ಹಳ್ಳಿಯದು. ಯಾಕೆ ಎಲ್ಲರೂ ಹಿಂದಕ್ಕೆ ಹೋಗುತ್ತಿದ್ದಾರೆ?

ಕಾರಣ ನಮ್ಮ ಜೇಬಿನಲ್ಲೇ ಇದೆ. ಇವತ್ತು ಕೊಲೆಯಾದರೆ ಪೊಲೀಸರು ಮೊದಲು ಕೇಳುವುದು ಸತ್ತವನ ಫೋನ್ ಕರೆಗಳ ಪಟ್ಟಿ. ಆಮೇಲೆ ಟವರ್ ಲೊಕೇಶನ್, ಅಂಗಡಿ ಮುಂದಿನ ಸಿಸಿಟಿವಿ, ಟೋಲ್ ಗೇಟಿನ ದಾಖಲೆ. ಕಾಲ್ಗುರುತು ನೋಡಿ, ಮುಖ ನೋಡಿ, ಸುಳ್ಳನ್ನು ಹಿಡಿಯುವ ಪತ್ತೇದಾರನಿಗೆ ಕೆಲಸವೇ ಉಳಿದಿಲ್ಲ. ಬರೆಯುವವನು ಅವನನ್ನು ಉಳಿಸಿಕೊಳ್ಳಬೇಕಾದರೆ ಎರಡೇ ದಾರಿ. ಒಂದು, ಮೊಬೈಲ್ ಇಲ್ಲದ ಕಾಲಕ್ಕೆ ಹೋಗಬೇಕು. ಇಲ್ಲ, ಸಿಗ್ನಲ್ ಇಲ್ಲದ ಊರಿಗೆ ಹೋಗಬೇಕು.

ಮಲೆನಾಡು ಈ ಎರಡನ್ನೂ ಕೊಡುತ್ತದೆ. ಜೂನ್‌ನಿಂದ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಮರ ಬಿದ್ದು ರಸ್ತೆ ನಿಲ್ಲುತ್ತದೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಆದರೆ ಯಾರ ಮನೆಯಲ್ಲಿ ಏನಾಯಿತು ಅನ್ನುವುದು ಮಾತ್ರ ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಿರುತ್ತದೆ. ಜಮೀನಿನ ತಕರಾರು, ಮರ ಸಾಗಣೆ, ಒಂಟಿ ಮುದುಕರ ತೋಟ, ಪಟ್ಟಣಕ್ಕೆ ಹೋಗಿ ಮರಳದ ಮಕ್ಕಳು. ಅಪರಾಧಕ್ಕೆ ಬೇಕಾದ ಮೌನ, ಪತ್ತೆಗೆ ಬೇಕಾದ ಬಾಯಿ, ಎರಡೂ ಒಂದೇ ಊರಲ್ಲಿವೆ.

ನಟರ ಮಾತನ್ನೂ ಹೇಳಲೇಬೇಕು. ಈ ಕಥೆಗಳಲ್ಲಿ ಹೀರೋ ಬಾಗಿಲು ಒದ್ದು ಬರುವುದಿಲ್ಲ. ಸುಮ್ಮನೆ ಕೂತು ಕಾಫಿ ಕುಡಿಯುತ್ತಾ ಏನನ್ನೋ ಮುಚ್ಚಿಡುವ ಮುಖ ಬೇಕು. ಅಂಥ ಮುಖಗಳು ರಂಗಭೂಮಿಯಿಂದ ಬಂದವು. ಹೆಗ್ಗೋಡಿನ ನೀನಾಸಂನಿಂದ ಬಂದ ಅಚ್ಯುತ್ ಕುಮಾರ್, ಮೈಸೂರಿನ ರಂಗಾಯಣದಿಂದ ಬಂದ ರಂಗಾಯಣ ರಘು. ರಘು ಅವರನ್ನು ನಾವು ಎಷ್ಟೋ ವರ್ಷ ಹಾಸ್ಯಕ್ಕೇ ಸೀಮಿತ ಮಾಡಿದ್ದೆವು. ಸಂದೀಪ್ ಸುಂಕದ್ ಅವರ 'ಶಾಖಾಹಾರಿ'ಯಲ್ಲಿ ಅವರು ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣ. ಜನಾರ್ದನ್ ಚಿಕ್ಕಣ್ಣ ಅವರ 'ಅಜ್ಞಾತವಾಸಿ'ಯಲ್ಲಿ ಮಾತು ಕಡಿಮೆಯಾದ ಇನ್‌ಸ್ಪೆಕ್ಟರ್. ಈ ಎರಡು ಪಾತ್ರಗಳನ್ನು ಒಂದರ ಹಿಂದೆ ಒಂದು ನೋಡಿ. ಪತ್ತೇದಾರಿಯ ಕೋಟು-ಟೋಪಿ ಕಳಚಿ ಬಿದ್ದು, ಅದರೊಳಗೆ ವಯಸ್ಸಾದ, ದಣಿದ, ನಮ್ಮ ಓಣಿಯವನೇ ಆದ ಒಬ್ಬ ಮನುಷ್ಯ ಕಾಣುತ್ತಾನೆ.

ಪುಸ್ತಕಗಳೂ ಅತ್ತಲೇ ನಡೆದಿವೆ. ಅನುಷ್ ಶೆಟ್ಟಿಯವರ ಒಂದು ಕಾದಂಬರಿಯ ಹೆಸರೇ 'ಜೋಡ್ಪಾಲ'. ಮಡಿಕೇರಿ ದಾರಿಯ ಊರು. ಅವರದೇ 'ಹುಲಿ ಪತ್ರಿಕೆ' ಓದಿದ ಹುಡುಗರು ಮುಂದಿನ ಭಾಗಕ್ಕೆ ಕಾದದ್ದನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ಇದ್ದರೂ ಹಾದಿ ಸಲೀಸಾಗಿಲ್ಲ. ಪ್ರೈಮ್ ವಿಡಿಯೋದಲ್ಲಿ ನೇರವಾಗಿ ಬಿಡುಗಡೆಯಾದ ಮೊದಲ ಕನ್ನಡ ಸಿನಿಮಾ, 2020ರ ಜುಲೈಯಲ್ಲಿ ಬಂದ 'ಲಾ'. ಅದೂ ಕೋರ್ಟು-ಅಪರಾಧದ ಕಥೆಯೇ. ಬಾಗಿಲು ತೆರೆಯಿತು ಅಂದುಕೊಂಡೆವು. ಆದರೆ 2024ರಲ್ಲಿ 'ಏಕಂ' ಸರಣಿಯ ತಂಡ ತಮ್ಮದೇ ವೆಬ್‌ಸೈಟ್ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ದೊಡ್ಡ ಒಟಿಟಿಗಳು ಕನ್ನಡದ ಸರಣಿಗಳನ್ನು ಕೊಳ್ಳಲು ಮುಂದೆ ಬಂದಿರಲಿಲ್ಲ. 'ಏಕಂ' ಥ್ರಿಲ್ಲರ್ ಅಲ್ಲ, ಕರಾವಳಿಯ ಬಿಡಿ ಕಥೆಗಳು. ಆದರೂ ಅದರ ಪಾಡು ಎಲ್ಲರ ಪಾಡು. 2025ರಲ್ಲಿ ಝೀ5 'ಅಯ್ಯನ ಮನೆ', 'ಶೋಧ', 'ಮಾರಿಗಲ್ಲು' ಅಂತ ಒಂದರ ಮೇಲೊಂದು ಕನ್ನಡ ಸರಣಿ ತಂದದ್ದು ಅದಕ್ಕೇ ಮುಖ್ಯ. ಮೂರೂ ಥ್ರಿಲ್ಲರುಗಳೇ ಅನ್ನುವುದನ್ನು ಗಮನಿಸಿ. ಹಣ ಹಾಕುವವರು ಕನ್ನಡದಲ್ಲಿ ಮೊದಲು ನಂಬಿದ್ದು ಬಾಡಿಗೆ ಅಂಗಡಿಯ ಆ ಹಳೇ ಓದುಗನ ಮೊಮ್ಮಕ್ಕಳನ್ನು.

ಈಗ 'ಜುಗಾರಿ ಕ್ರಾಸ್'. ಇದರ ಬಗ್ಗೆ ನನಗೆ ಆಸೆಯಷ್ಟೇ ಆತಂಕವೂ ಇದೆ. ಆ ಕಥೆಯ ಜೀವ ಇರುವುದು ಹೊಡೆದಾಟದಲ್ಲಿಲ್ಲ. ಏಲಕ್ಕಿ ಮಾರಿ ಬಂದ ಗಂಡ ಹೆಂಡತಿಗೆ ತಮ್ಮ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸುವ ಆ ಚಿಕ್ಕ ಅನುಮಾನದಲ್ಲಿದೆ. ಕ್ರಾಸಿನಲ್ಲಿ ಬಸ್ ನಿಂತಾಗ ಇಳಿಯುವ, ಹತ್ತುವ ಮುಖಗಳಲ್ಲಿದೆ. ನನ್ನ ಅಮ್ಮ ಆ ಪುಸ್ತಕವನ್ನು ಮೂರು ಸಲ ಓದಿದ್ದಾರೆ. ಸಿನಿಮಾ ಬಂದರೆ ಮೊದಲ ದಿನವೇ ಕರೆದುಕೊಂಡು ಹೋಗು ಅಂತ ಹೇಳಿಟ್ಟಿದ್ದಾರೆ. ಗೌರಿಯ ಪಾತ್ರ ಯಾರು ಮಾಡುತ್ತಾರೆ ಅಂತ ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.